ಹದಿನೈದು ವರ್ಷ ತುಂಬಿದ ಮಾರುತಿ 800: ಅರ್ಹತಾ ಪರೀಕ್ಷೆಯಲ್ಲಿ ಎಷ್ಟು ನಂಬಬಹುದು?

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ ಮತ್ತು ಶಿಡ್ಲಘಟ್ಟದಂತಹ ಪಟ್ಟಣಗಳಲ್ಲಿ ಕಡಿಮೆ ಹಣಕ್ಕೆ ಹಳೆಯ ಕಾರು ಹುಡುಕುವವರ ಮುಂದೆ ಇಂದಿಗೂ ಬರುವ ಹೆಸರುಗಳಲ್ಲಿ ಮಾರುತಿ 800 ಒಂದು. ಈ ಕಾರಿನ ತಯಾರಿಕೆ ನಿಂತು ದಶಕವೇ ಕಳೆದಿದ್ದರೂ ಬಿಡಿಭಾಗಗಳಿಗೆ ಕೊರತೆಯಿಲ್ಲ. ದುರಸ್ತಿ ಬಲ್ಲ ಮೆಕ್ಯಾನಿಕ್‌ಗಳಿಗೂ ಕೊರತೆಯಿಲ್ಲ. ಆದರೆ ಕೊಳ್ಳುವವರು ಕೇಳುವ ಮೊದಲ ಪ್ರಶ್ನೆ ಬೇರೆಯದೇ ಆಗಿರುತ್ತದೆ: ‘ಇದಕ್ಕೆ ಎಫ್‌ಸಿ ಆಗುತ್ತದೆಯೇ?’

ಈ ಪ್ರಶ್ನೆಗೆ ಈಗ ವಿಶೇಷ ಮಹತ್ವ ಬಂದಿದೆ. 2010ರಿಂದ 2014ರ ನಡುವೆ ಸಣ್ಣ ಪಟ್ಟಣಗಳಲ್ಲಿ ನೋಂದಣಿಯಾದ ಕೊನೆಯ ತಲೆಮಾರಿನ 800 ಕಾರುಗಳಿಗೆ 2025ರಿಂದ 2029ರ ಅವಧಿಯಲ್ಲಿ ಒಂದೊಂದಾಗಿ 15 ವರ್ಷ ತುಂಬುತ್ತದೆ. ಅಂದರೆ ಅವು ತಮ್ಮ ಆಯುಷ್ಯದ ಮೊದಲ ಕಡ್ಡಾಯ ತಪಾಸಣೆಗೆ ನಿಲ್ಲಬೇಕಾದ ಕಾಲ ಇದು. ತಪಾಸಣೆಯ ಗಡುವು ಹತ್ತಿರವಾದ ಕಾರು ಮಾರಾಟಕ್ಕೆ ಬರುವುದು ಸಹಜ. ಅಂತಹ ಕಾರನ್ನು ಕೊಳ್ಳುವವರು ಅದರೊಂದಿಗೆ ತಪಾಸಣೆಯ ಹೊಣೆಯನ್ನೂ ಕೊಂಡಂತೆ.

ವಾರ್ಷಿಕ ತಪಾಸಣೆ ಯಾರಿಗೆ?

ಎಲ್ಲ ಕಾರುಗಳಿಗೂ ಪ್ರತಿವರ್ಷ ಎಫ್‌ಸಿ ಬೇಕು ಎಂಬ ತಪ್ಪು ಕಲ್ಪನೆ ವ್ಯಾಪಕವಾಗಿದೆ. 1988ರ ಮೋಟಾರು ವಾಹನ ಕಾಯ್ದೆಯ 56ನೇ ಕಲಮಿನ ಪ್ರಕಾರ ಅರ್ಹತಾ ಪತ್ರ ಕಡ್ಡಾಯವಾಗಿರುವುದು ಸಾರಿಗೆ ವಾಹನಗಳಿಗೆ, ಅಂದರೆ ಹಳದಿ ಬೋರ್ಡಿನ ಟ್ಯಾಕ್ಸಿ, ಮ್ಯಾಕ್ಸಿಕ್ಯಾಬ್, ಆಟೊ, ಲಾರಿ ಮತ್ತು ಬಸ್ಸುಗಳಿಗೆ. 2018ರ ನವೆಂಬರಿನಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ತಂದ ತಿದ್ದುಪಡಿಯಂತೆ, ಎಂಟು ವರ್ಷ ತುಂಬುವವರೆಗೆ ಇವುಗಳ ಅರ್ಹತಾ ಪತ್ರವನ್ನು ಎರಡು ವರ್ಷಕ್ಕೊಮ್ಮೆ, ಆನಂತರ ವರ್ಷಕ್ಕೊಮ್ಮೆ ನವೀಕರಿಸಬೇಕು.

ಬಿಳಿ ಬೋರ್ಡಿನ ಖಾಸಗಿ ಕಾರಿನ ಮಾತು ಬೇರೆ. ಕಾಯ್ದೆಯ 41ನೇ ಕಲಮಿನಂತೆ ಅದರ ನೋಂದಣಿ ಪತ್ರವು, ಅಂದರೆ ಆರ್‌ಸಿ, 15 ವರ್ಷ ಚಾಲ್ತಿಯಲ್ಲಿರುತ್ತದೆ. ಅವಧಿ ಮುಗಿದಾಗ ವಾಹನವನ್ನು ತಪಾಸಣೆಗೆ ಹಾಜರುಪಡಿಸಿ ಐದು ವರ್ಷಕ್ಕೆ ನವೀಕರಿಸಿಕೊಳ್ಳಬೇಕು. ಜನರ ಬಾಯಲ್ಲಿ ‘ಕಾರಿಗೆ ಎಫ್‌ಸಿ ಮಾಡಿಸುವುದು’ ಎಂದರೆ ಇದೇ. ಈ ನಡುವಿನ ಹದಿನೈದು ವರ್ಷಗಳಲ್ಲಿ ಹೊಗೆ ತಪಾಸಣೆಯೊಂದನ್ನು ಬಿಟ್ಟರೆ ಖಾಸಗಿ ಕಾರಿನ ಬ್ರೇಕು, ಸ್ಟೀರಿಂಗು, ದೀಪಗಳನ್ನು ನಿಯತವಾಗಿ ಪರೀಕ್ಷಿಸುವ ವ್ಯವಸ್ಥೆ ಇಲ್ಲ.

ಹೊರದೇಶಗಳಲ್ಲಿ ಪರಿಸ್ಥಿತಿ ಭಿನ್ನವಾಗಿದೆ. ಬ್ರಿಟನ್ನಿನಲ್ಲಿ 1960ರಿಂದ ‘ಎಂಒಟಿ’ ಎಂಬ ತಪಾಸಣೆ ಜಾರಿಯಲ್ಲಿದ್ದು, ಮೂರು ವರ್ಷ ತುಂಬಿದ ಕಾರು ಪ್ರತಿವರ್ಷ ಪರೀಕ್ಷೆಗೆ ಒಳಪಡಬೇಕು. ನೋಂದಣಿ ಸಂಖ್ಯೆ ಗೊತ್ತಿದ್ದವರು ಆ ಕಾರು ಯಾವ ವರ್ಷ ಯಾವ ಕಾರಣಕ್ಕೆ ಅನುತ್ತೀರ್ಣವಾಯಿತು ಎಂಬುದನ್ನು ನೋಡಬಹುದು. ಜರ್ಮನಿಯಲ್ಲಿ ಟಿಯುವಿ ಸಂಸ್ಥೆಗಳು ಯಾವ ಮಾದರಿಯ, ಎಷ್ಟು ವಯಸ್ಸಿನ ಕಾರು ಪರೀಕ್ಷೆಯಲ್ಲಿ ಎಷ್ಟು ಪ್ರಮಾಣದಲ್ಲಿ ಸೋಲುತ್ತದೆ ಎಂಬ ವರದಿಯನ್ನು ಪ್ರತಿವರ್ಷ ಹೊರತರುತ್ತವೆ. ಭಾರತದಲ್ಲಿ ಕೊಳ್ಳುವವರ ಕೈಗೆ ಅಂತಹ ಮಾದರಿವಾರು ಪಟ್ಟಿ ಸಿಗುವುದಿಲ್ಲ. ಆದ್ದರಿಂದ ‘800ಕ್ಕೆ ಎಫ್‌ಸಿ ಖಂಡಿತ’ ಎಂಬ ಮಧ್ಯವರ್ತಿಯ ಮಾತಿಗೆ ಅಂಕಿಅಂಶದ ಬೆಂಬಲವಿಲ್ಲ. ಮಾದರಿಯ ಗುಣದೋಷಗಳನ್ನು ತಿಳಿದು, ಎದುರಿಗಿರುವ ಕಾರನ್ನು ಬಿಡಿಯಾಗಿ ಪರೀಕ್ಷಿಸುವುದೊಂದೇ ದಾರಿ.

ಪಟ್ಟಣಗಳಿಗೆ ಉಳಿದ 800

ಮಾರುತಿ 800 ಮಾರುಕಟ್ಟೆಗೆ ಬಂದದ್ದು 1983ರ ಡಿಸೆಂಬರಿನಲ್ಲಿ. 1986ರಲ್ಲಿ ಅದರ ಹೊರಮೈ ಬದಲಾಯಿತು. 796 ಸಿಸಿಯ ಮೂರು ಸಿಲಿಂಡರಿನ ಪೆಟ್ರೋಲ್ ಎಂಜಿನ್ ಮಾತ್ರ ಕೊನೆಯವರೆಗೂ ಉಳಿಯಿತು. 2000ದ ಸುಮಾರಿಗೆ ಕಾರ್ಬ್ಯುರೇಟರ್ ಹೋಗಿ ಎಂಪಿಎಫ್‌ಐ ಇಂಧನ ವ್ಯವಸ್ಥೆ ಬಂತು. 2014ರ ಜನವರಿಯಲ್ಲಿ ತಯಾರಿಕೆ ನಿಂತಿತು. ಅಷ್ಟರಲ್ಲಿ ದೇಶದಲ್ಲಿ 25 ಲಕ್ಷಕ್ಕೂ ಹೆಚ್ಚು ಕಾರುಗಳು ಮಾರಾಟವಾಗಿದ್ದವು.

ಈ ಇತಿಹಾಸದಲ್ಲಿ 2010ರ ಏಪ್ರಿಲ್ 1 ಮುಖ್ಯವಾದ ದಿನ. ಅಂದು ಬೆಂಗಳೂರು ಸೇರಿದಂತೆ 13 ನಗರಗಳಲ್ಲಿ ಭಾರತ್ ಸ್ಟೇಜ್-4 ಮಾಲಿನ್ಯ ಮಾನದಂಡ ಜಾರಿಗೆ ಬಂದಿತು. 800 ಕಾರನ್ನು ಆ ಮಟ್ಟಕ್ಕೆ ಏರಿಸದ ಕಂಪನಿ, ಆ ನಗರಗಳಲ್ಲಿ ಅದರ ಮಾರಾಟವನ್ನು ನಿಲ್ಲಿಸಿತು. ಉಳಿದೆಡೆ ಭಾರತ್ ಸ್ಟೇಜ್-3 ಮಾನದಂಡದ 800 ಇನ್ನೂ ಸುಮಾರು ನಾಲ್ಕು ವರ್ಷ ಮಾರಾಟವಾಯಿತು. ಹೀಗಾಗಿ ಬೆಂಗಳೂರಿನಲ್ಲಿ ಮೊದಲು ನೋಂದಣಿಯಾದ 800ಗಳ ಪೈಕಿ ಬಹುಪಾಲು 2025ರ ವೇಳೆಗೇ 15 ವರ್ಷ ಪೂರೈಸಿವೆ. ಅವುಗಳಲ್ಲಿ ನವೀಕರಿಸಿದ ಆರ್‌ಸಿ ಇರಲೇಬೇಕು. ಚಿಕ್ಕಬಳ್ಳಾಪುರದ ಕೆಎ-40 ಅಥವಾ ಕೋಲಾರದ ಕೆಎ-07 ಸಂಖ್ಯೆಯ ಕಾರುಗಳಲ್ಲಿ ಮಾತ್ರ ಮೊದಲ ನವೀಕರಣ ಇನ್ನೂ ಬಾಕಿ ಇರುವವು ಸಿಗಬಹುದು. ಚಿಕ್ಕಬಳ್ಳಾಪುರ ಜಿಲ್ಲೆ ಕೋಲಾರದಿಂದ ಬೇರ್ಪಟ್ಟದ್ದು 2007ರಲ್ಲಿ ಆದ್ದರಿಂದ ಈ ನಾಲ್ಕೂ ಊರುಗಳಲ್ಲಿ ಕೆಎ-07 ಸಂಖ್ಯೆಯ ಹಳೆಯ ಕಾರುಗಳು ಕಾಣಸಿಗುವುದು ಅಚ್ಚರಿಯಲ್ಲ.

ನಿರೀಕ್ಷಕರು ನೋಡುವುದೇನು?

ಕೇಂದ್ರ ನಿಯಮಗಳ 62ನೇ ನಿಯಮದ ಕೋಷ್ಟಕದಲ್ಲಿ ತಪಾಸಣೆಯ ಅಂಶಗಳಿವೆ: ಹೆಡ್‌ಲೈಟಿನ ಬೆಳಕಿನ ನೇರ, ಇತರ ದೀಪಗಳು, ಪ್ರತಿಫಲಕಗಳು, ಹಿನ್ನೋಟದ ಕನ್ನಡಿ, ಸುರಕ್ಷತಾ ಗಾಜು, ಹಾರ್ನ್, ಸೈಲೆನ್ಸರ್, ಡ್ಯಾಶ್‌ಬೋರ್ಡಿನ ಸಲಕರಣೆ, ವೈಪರ್, ಹೊಗೆಯ ಪ್ರಮಾಣ, ಬ್ರೇಕ್, ಸ್ಪೀಡೊಮೀಟರ್ ಮತ್ತು ಸ್ಟೀರಿಂಗ್. ಜನರು ಇಂದಿಗೂ ‘ಬ್ರೇಕ್ ಇನ್‌ಸ್ಪೆಕ್ಟರ್’ ಎಂದೇ ಕರೆಯುವ ಮೋಟಾರು ವಾಹನ ನಿರೀಕ್ಷಕರು ಕಾರನ್ನು ನೋಡಿ, ಓಡಿಸಿ ಅಥವಾ ಓಡಿಸಲು ಹೇಳಿ ತೀರ್ಮಾನಿಸುತ್ತಾರೆ. ಯಂತ್ರಗಳ ಮೂಲಕ ಅಳೆಯುವ ಸ್ವಯಂಚಾಲಿತ ಪರೀಕ್ಷಾ ಕೇಂದ್ರಗಳ ನಿಯಮಗಳನ್ನು ಕೇಂದ್ರ ಸರ್ಕಾರ 2021ರ ಸೆಪ್ಟೆಂಬರಿನಲ್ಲಿ ಪ್ರಕಟಿಸಿತು. ಸಾರಿಗೆ ವಾಹನಗಳನ್ನು ಹಂತಹಂತವಾಗಿ ಅವುಗಳ ವ್ಯಾಪ್ತಿಗೆ ತರುವುದು ಅದರ ಉದ್ದೇಶ.

ಈ ಪಟ್ಟಿಯನ್ನು ಎದುರಿಗಿಟ್ಟುಕೊಂಡು ನೋಡಿದರೆ 800 ಕಾರಿನ ಅನುಕೂಲ ಸ್ಪಷ್ಟವಾಗುತ್ತದೆ. ತಪಾಸಣೆಗೆ ಒಳಪಡುವ ಭಾಗಗಳೆಲ್ಲ ಈ ಕಾರಿನಲ್ಲಿ ಸರಳವಾಗಿವೆ. ಪವರ್ ಸ್ಟೀರಿಂಗ್, ಎಬಿಎಸ್, ಏರ್‌ಬ್ಯಾಗುಗಳಂತಹ ದುಬಾರಿ ಜೋಡಣೆಗಳಿಲ್ಲ. ಇದೇ ಕುಟುಂಬದ ಎಂಜಿನ್ ಹೊಂದಿದ್ದ ಓಮ್ನಿ 2019ರವರೆಗೆ ತಯಾರಾಗುತ್ತಿದ್ದುದರಿಂದ ಎಂಜಿನ್ ಸಾಮಗ್ರಿ ದೊರೆಯುವುದು ಕಷ್ಟವಲ್ಲ. ಆದ್ದರಿಂದ 800ರಲ್ಲಿ ಕಂಡುಬರುವ ದೋಷಗಳ ಪೈಕಿ ಹೆಚ್ಚಿನವು ತಪಾಸಣೆಗೆ ಮುನ್ನ ಸರಿಪಡಿಸಬಹುದಾದವೇ. ಹಾಗೆ ಸರಿಪಡಿಸಲಾಗದ ದೋಷಗಳು ಎರಡೇ ಬಗೆಯವು: ತುಕ್ಕು ಮತ್ತು ಕಾಗದಪತ್ರ.

ಕಾರಿನಲ್ಲಿ ನೋಡಬೇಕಾದ ಭಾಗಗಳು

ಬ್ರೇಕ್: ಕೊನೆಯ ತಲೆಮಾರಿನ 800ರಲ್ಲಿ ಮುಂದೆ ಡಿಸ್ಕ್, ಹಿಂದೆ ಡ್ರಮ್ ಬ್ರೇಕುಗಳಿವೆ. ಬಹಳ ಕಾಲ ನಿಂತಿದ್ದ ಕಾರಿನಲ್ಲಿ ಹಿಂದಿನ ವೀಲ್ ಸಿಲಿಂಡರ್ ಸೋರುವುದು, ಹ್ಯಾಂಡ್‌ಬ್ರೇಕ್ ಕೇಬಲ್ ಹಿಡಿದುಕೊಳ್ಳುವುದು ಸಾಮಾನ್ಯ. ಖಾಲಿ ರಸ್ತೆಯಲ್ಲಿ ನಿಧಾನವಾಗಿ ಸಾಗುತ್ತಾ ಬ್ರೇಕ್ ಒತ್ತಿದಾಗ ಕಾರು ಒಂದು ಪಕ್ಕಕ್ಕೆ ಎಳೆಯಬಾರದು. ಪೆಡಲ್ ಒತ್ತಿ ಹಿಡಿದಾಗ ನಿಧಾನವಾಗಿ ಕೆಳಗಿಳಿದರೆ ಮಾಸ್ಟರ್ ಸಿಲಿಂಡರ್ ಅಥವಾ ಸೋರಿಕೆಯ ಬಗ್ಗೆ ಅನುಮಾನಿಸಬೇಕು.

ಸ್ಟೀರಿಂಗ್ ಮತ್ತು ಸಸ್ಪೆನ್ಷನ್: ಮುಂದಿನ ಚಕ್ರವನ್ನು ಜ್ಯಾಕಿನ ಮೇಲೆತ್ತಿ ಎರಡೂ ಕೈಗಳಿಂದ ಅಲುಗಾಡಿಸಿದರೆ ಟೈ ರಾಡ್ ಎಂಡ್, ಬಾಲ್ ಜಾಯಿಂಟ್ ಮತ್ತು ಬೇರಿಂಗಿನ ಸವೆತ ತಿಳಿಯುತ್ತದೆ. ಸ್ಟೀರಿಂಗನ್ನು ಪೂರ್ತಿ ತಿರುಗಿಸಿ ಮುಂದೆ ಸಾಗಿದಾಗ ‘ಟಕ್ ಟಕ್’ ಸದ್ದು ಬಂದರೆ ಆಕ್ಸಲ್ ಜಾಯಿಂಟ್ ಹೋಗಿದೆ ಎಂದರ್ಥ. ಕಚ್ಚಾ ರಸ್ತೆ, ಕ್ವಾರಿ ರಸ್ತೆಗಳಲ್ಲಿ ಓಡಿದ ಕಾರುಗಳಲ್ಲಿ ರಬ್ಬರ್ ಬೂಟು ಹರಿದು ಕೆಮ್ಮಣ್ಣಿನ ಧೂಳು ಒಳಸೇರಿರುತ್ತದೆ.

ಟೈರ್: ಕಾರಿನ ಟೈರಿನ ಪಟ್ಟೆಗಳ ಆಳ 1.6 ಮಿಲಿಮೀಟರಿಗಿಂತ ಕಡಿಮೆ ಇರಕೂಡದು ಎಂಬುದು ನಿಯಮ. ಪಟ್ಟೆ ಉಳಿದಿದ್ದರೂ ಪಕ್ಕದಲ್ಲಿ ಬಿರುಕು ಬಿಟ್ಟ ಹಳೆಯ ಟೈರು ಹೆದ್ದಾರಿಗೆ ಯೋಗ್ಯವಲ್ಲ. ಟೈರಿನ ಮೇಲಿನ ನಾಲ್ಕು ಅಂಕಿಗಳಲ್ಲಿ ಮೊದಲ ಎರಡು ತಯಾರಾದ ವಾರವನ್ನೂ ಕೊನೆಯ ಎರಡು ವರ್ಷವನ್ನೂ ತಿಳಿಸುತ್ತವೆ.

ದೀಪ ಮತ್ತು ಗಾಜು: ವರ್ಷಗಟ್ಟಲೆ ಬಿಸಿಲಿನಲ್ಲಿ ನಿಂತ ಕಾರಿನ ಹೆಡ್‌ಲೈಟಿನ ಒಳಗಿನ ಬೆಳ್ಳಿಯ ಲೇಪ ಮಾಸಿ ಬೆಳಕು ಮಂಕಾಗುತ್ತದೆ. ಬಲ್ಬು ಬದಲಿಸಿದರೆ ಸಾಲದು, ದೀಪದ ಜೋಡಣೆಯನ್ನೇ ಬದಲಿಸಬೇಕಾಗುತ್ತದೆ. ಮುಂದಿನ ಮತ್ತು ಹಿಂದಿನ ಗಾಜಿನ ಮೂಲಕ ಶೇ 70ರಷ್ಟು, ಪಕ್ಕದ ಗಾಜುಗಳ ಮೂಲಕ ಶೇ 50ರಷ್ಟು ಬೆಳಕು ಹಾಯಬೇಕು. ಕಪ್ಪು ಫಿಲ್ಮ್ ಮತ್ತು ಮುಂಭಾಗದ ಕಬ್ಬಿಣದ ಗಾರ್ಡನ್ನು ತಪಾಸಣೆಗೆ ಮುನ್ನ ತೆಗೆಸಬೇಕು.

ಹೊಗೆ: ಭಾರತ್ ಸ್ಟೇಜ್-2 ಮತ್ತು 3 ಮಾನದಂಡದ ಪೆಟ್ರೋಲ್ ಕಾರುಗಳಲ್ಲಿ ಕಾರ್ಬನ್ ಮೊನಾಕ್ಸೈಡ್ ಶೇ 0.5, ಹೈಡ್ರೊಕಾರ್ಬನ್ 750 ಪಿಪಿಎಂ ಮೀರಬಾರದು. ಕಾರ್ಬ್ಯುರೇಟರ್ ಕಾಲದ ಹಳೆಯ ಕಾರುಗಳಿಗೆ ಈ ಮಿತಿ ಶೇ 3 ಮತ್ತು 1,500 ಪಿಪಿಎಂ. ಎಂಪಿಎಫ್‌ಐ ಕಾರು ಈ ಮಿತಿಯನ್ನು ದಾಟಿದರೆ ಆಕ್ಸಿಜನ್ ಸೆನ್ಸರ್, ಸ್ಪಾರ್ಕ್ ಪ್ಲಗ್ ಅಥವಾ ಕ್ಯಾಟಲಿಟಿಕ್ ಕನ್ವರ್ಟರ್ ಕಡೆ ಗಮನ ಹರಿಸಬೇಕು. ಕನ್ವರ್ಟರನ್ನು ತೆಗೆದು ಬರೀ ಕೊಳವೆ ಜೋಡಿಸಿರುವ ಕಾರುಗಳೂ ಇರುತ್ತವೆ. ಸ್ಟೇಜ್-3ರ ಕಾರಿನ ಹೊಗೆ ಪ್ರಮಾಣಪತ್ರಕ್ಕೆ ಆರೇ ತಿಂಗಳ ಅವಧಿ ಎಂಬುದು ನೆನಪಿರಲಿ.

ತಂಪು ವ್ಯವಸ್ಥೆ: ಇದು ತಪಾಸಣೆಯ ಪಟ್ಟಿಯಲ್ಲಿಲ್ಲ. ಆದರೆ ಆಳದ ಕೊಳವೆಬಾವಿಗಳನ್ನೇ ನಂಬಿರುವ ಈ ಜಿಲ್ಲೆಯಲ್ಲಿ ರೇಡಿಯೇಟರಿಗೆ ಕೂಲಂಟ್ ಬದಲು ಗಡುಸು ನೀರು ತುಂಬಿದ ಕಾರುಗಳಲ್ಲಿ ಒಳಗೆ ಸುಣ್ಣ ಕಟ್ಟಿ ಎಂಜಿನ್ ಕಾಯುತ್ತದೆ. ಎಂಜಿನ್ ತಣ್ಣಗಿರುವಾಗ ಮುಚ್ಚಳ ತೆಗೆದು ನೋಡಿದರೆ ಬಿಳಿಯ ಅಥವಾ ತುಕ್ಕಿನ ಬಣ್ಣದ ಕೆಸರು ಕಾಣುತ್ತದೆ. ಇಂತಹ ಕಾರು ಅರ್ಹತಾ ಪರೀಕ್ಷೆಯಲ್ಲಿ ಗೆದ್ದು, ಮರುದಿನ ಮೇಲೂರಿನ ದಾರಿಯಲ್ಲಿ ನಿಲ್ಲಬಹುದು.

ತುಕ್ಕು: ಒಣ ಹವೆಯ ಬಯಲುಸೀಮೆಯಲ್ಲಿ ಕರಾವಳಿಯಷ್ಟು ತುಕ್ಕಿನ ಕಾಟವಿಲ್ಲ. ಆದರೂ ಬ್ಯಾಟರಿಯ ಕೆಳಗಿನ ತಟ್ಟೆ, ಕಾಲಿಡುವ ನೆಲ, ಬಾಗಿಲಿನ ತಳ ಮತ್ತು ಮುಂದಿನ ಶಾಕ್ ಅಬ್ಸಾರ್ಬರ್ ಕೂರುವ ತಗಡನ್ನು ನೋಡಲೇಬೇಕು. ಚಾಸಿಸ್ ಸಂಖ್ಯೆ ಕೊರೆದ ಜಾಗದಲ್ಲಿ ತುಕ್ಕು ತಿಂದು ಅಂಕಿಗಳು ಅಳಿಸಿದ್ದರೆ ಪೆನ್ಸಿಲ್ ಅಚ್ಚು ತೆಗೆಯಲಾಗದು. ಎಂಜಿನ್ ಎಷ್ಟೇ ಚೆನ್ನಾಗಿದ್ದರೂ ಅಂತಹ ಕಾರಿನ ಕಡತ ಮುಂದೆ ಸಾಗುವುದು ಕಷ್ಟ.

ಹೆಚ್ಚು ಕಾರುಗಳು ಎಡವುವುದು ಕಾಗದದಲ್ಲಿ

ಕಾರಿನಲ್ಲಿ ಎಲ್‌ಪಿಜಿ ಕಿಟ್ ಕೂರಿಸಿದ್ದರೆ ಆರ್‌ಸಿಯಲ್ಲಿ ಅದರ ನಮೂದು ಇರಬೇಕು ಮತ್ತು ಟ್ಯಾಂಕಿನ ಪರೀಕ್ಷಾ ಅವಧಿ ಮುಗಿದಿರಬಾರದು. ಬಣ್ಣ ಬದಲಾಗಿದ್ದರೂ, ಬೇರೆ ಎಂಜಿನ್ ಕೂರಿಸಿದ್ದರೂ ಇದೇ ನಿಯಮ. ಶಿಡ್ಲಘಟ್ಟದ ಮಾರುಕಟ್ಟೆಗೆ ರೇಷ್ಮೆಗೂಡು, ಚಿಂತಾಮಣಿಗೆ ತರಕಾರಿ ಸಾಗಿಸಲೆಂದು ಹಿಂದಿನ ಸೀಟು ಕಳಚಿದ ಖಾಸಗಿ ಕಾರು ತಪಾಸಣೆಯ ದಿನ ಮೂಲ ರೂಪದಲ್ಲೇ ಇರಬೇಕು. ಬಾಡಿಗೆಗೆ ಸರಕು ಸಾಗಿಸುವುದಂತೂ ಬಿಳಿ ಬೋರ್ಡಿನ ಕಾರಿಗೆ ನಿಷಿದ್ಧ. 2019ರ ಏಪ್ರಿಲ್ 1ಕ್ಕೆ ಮುಂಚೆ ನೋಂದಣಿಯಾದ ವಾಹನಗಳಿಗೂ ಅತಿ ಸುರಕ್ಷಿತ ನೋಂದಣಿ ಫಲಕವನ್ನು ರಾಜ್ಯ ಸರ್ಕಾರ 2023ರ ಆಗಸ್ಟಿನಲ್ಲಿ ಕಡ್ಡಾಯಗೊಳಿಸಿದೆ.

ನವೀಕರಣದ ಅರ್ಜಿ ನಮೂನೆ 25ರಲ್ಲಿದ್ದು, ಅವಧಿ ಮುಗಿಯುವ 60 ದಿನ ಮೊದಲಿನಿಂದ ಸಲ್ಲಿಸಬಹುದು. ಆರ್‌ಸಿ, ಚಾಲ್ತಿಯಲ್ಲಿರುವ ವಿಮೆ, ಹೊಗೆ ಪ್ರಮಾಣಪತ್ರ ಜೊತೆಗಿರಬೇಕು. ನೋಂದಣಿಯ ವೇಳೆ ಕಟ್ಟಿದ ಜೀವಿತಾವಧಿ ತೆರಿಗೆಯನ್ನು ಮತ್ತೆ ಕಟ್ಟಬೇಕಿಲ್ಲವಾದರೂ 15 ವರ್ಷ ಮೀರಿದ ವಾಹನಕ್ಕೆ ಹಸಿರು ತೆರಿಗೆ ಇದೆ. ಬಾಕಿ ದಂಡಗಳಿದ್ದರೆ ತೀರಿಸಬೇಕು.

ಕಾರು ನೋಡಲು ಹೋಗುವ ಮುನ್ನವೇ ಕೇಂದ್ರ ಸರ್ಕಾರದ ‘ಎಂ-ಪರಿವಾಹನ್’ ಆ್ಯಪ್‌ನಲ್ಲಿ ನೋಂದಣಿ ಸಂಖ್ಯೆ ಹಾಕಿದರೆ ನೋಂದಣಿಯ ದಿನಾಂಕ, ಆರ್‌ಸಿ ಅವಧಿ, ವಿಮೆ ಮತ್ತು ಹೊಗೆ ತಪಾಸಣೆಯ ವಿವರ ದೊರೆಯುತ್ತದೆ. ಹದಿನೈದು ವರ್ಷದ ಲೆಕ್ಕ ನೋಂದಣಿಯ ದಿನದಿಂದ, ತಯಾರಿಕೆಯ ವರ್ಷದಿಂದಲ್ಲ.

ಗೌರಿಬಿದನೂರಿಗೆ ಹಿಂದೂಪುರ ಹತ್ತಿರ; ಚಿಂತಾಮಣಿಗೂ ಆಂಧ್ರದ ಗಡಿ ದೂರವಿಲ್ಲ. ಹೊರರಾಜ್ಯದ ನೋಂದಣಿಯ ಕಾರು ಅಗ್ಗವಾಗಿ ಕಾಣಬಹುದು. ಆದರೆ ಅದನ್ನು 12 ತಿಂಗಳಿಗಿಂತ ಹೆಚ್ಚು ಕಾಲ ಇಲ್ಲಿ ಇಟ್ಟುಕೊಳ್ಳುವವರು ಮೂಲ ಕಚೇರಿಯ ನಿರಾಕ್ಷೇಪಣಾ ಪತ್ರ ತಂದು ಇಲ್ಲಿನ ಸಂಖ್ಯೆ ಪಡೆಯಬೇಕು, ಇಲ್ಲಿನ ತೆರಿಗೆಯನ್ನೂ ಕಟ್ಟಬೇಕು. ಇವೆಲ್ಲ ಸೇರಿದರೆ ಅಗ್ಗದ ಕಾರು ಅಗ್ಗವಾಗಿ ಉಳಿಯುವುದಿಲ್ಲ. ದೆಹಲಿಯಲ್ಲಿ ಹಳೆಯ ವಾಹನಗಳಿಗೆ ವಿಧಿಸಿದ ವಯಸ್ಸಿನ ನಿರ್ಬಂಧ ರಾಜಧಾನಿ ಪ್ರದೇಶಕ್ಕೆ ಸೀಮಿತ. ತಪಾಸಣೆಯಲ್ಲಿ ಗೆದ್ದ 15 ವರ್ಷದ ಖಾಸಗಿ ಕಾರನ್ನು ಕರ್ನಾಟಕದಲ್ಲಿ ಓಡಿಸಲು ಅದು ಅಡ್ಡಿಯಲ್ಲ.

ಖರ್ಚಿನ ಲೆಕ್ಕ

2022ರ ಏಪ್ರಿಲ್ 1ಕ್ಕೆ ಮೊದಲು ಕಾರಿನ ನೋಂದಣಿ ನವೀಕರಣಕ್ಕೆ 600 ರೂಪಾಯಿ ಶುಲ್ಕವಿತ್ತು. ಅಂದಿನಿಂದ ಅದು 5,000 ರೂಪಾಯಿಗೆ ಏರಿತು. ತಡವಾದರೆ ತಿಂಗಳಿಗೆ 500 ರೂಪಾಯಿಯಂತೆ ಹೆಚ್ಚುವರಿ ಶುಲ್ಕವೂ ನಿಗದಿಯಾಯಿತು. 2025ರ ಆಗಸ್ಟಿನಲ್ಲಿ ಹೊರಬಿದ್ದ ಅಧಿಸೂಚನೆಯು 20 ವರ್ಷ ಮೀರಿದ ಕಾರಿಗೆ ಈ ಶುಲ್ಕವನ್ನು 10,000 ರೂಪಾಯಿಗೆ ಏರಿಸಿತು.

ಇದರ ಅರ್ಥವನ್ನು ಒಂದು ಉದಾಹರಣೆಯಲ್ಲಿ ನೋಡಬಹುದು. 2011ರ ಜೂನ್‌ನಲ್ಲಿ ನೋಂದಣಿಯಾದ ಕಾರಿನ ಅವಧಿ 2026ರ ಜೂನ್‌ಗೆ ಮುಗಿಯುತ್ತದೆ. 5,000 ರೂಪಾಯಿ ಕಟ್ಟಿ ನವೀಕರಿಸಿದರೆ 2031ರವರೆಗೆ, ಅಂದರೆ 60 ತಿಂಗಳು, ಚಿಂತೆಯಿಲ್ಲ. ತಿಂಗಳಿಗೆ ಬೀಳುವುದು ಸುಮಾರು 83 ರೂಪಾಯಿ. ಆದರೆ ಅದೇ ಕಾರು ಎರಡು ವರ್ಷ ನವೀಕರಣವಿಲ್ಲದೆ ನಿಂತಿದ್ದರೆ ತಡದ ಶುಲ್ಕವೇ 12,000 ರೂಪಾಯಿ ಆಗುತ್ತದೆ. ಮಾರುವವರು ‘ಎಫ್‌ಸಿ ಒಂದು ಮಾಡಿಸಿಕೊಂಡರೆ ಆಯಿತು’ ಎಂದು ಹಗುರವಾಗಿ ಹೇಳುವ ಮಾತಿನ ಹಿಂದೆ ಈ ಮೊತ್ತ ಅಡಗಿರಬಹುದು. ವಿಮೆಯ ಮಟ್ಟಿಗೆ ಮಾತ್ರ 800ಕ್ಕೆ ಅನುಕೂಲವಿದೆ. 1,000 ಸಿಸಿಯೊಳಗಿನ ಖಾಸಗಿ ಕಾರಿನ ವಾರ್ಷಿಕ ಥರ್ಡ್ ಪಾರ್ಟಿ ಕಂತನ್ನು 2022ರ ಜೂನ್ 1ರಿಂದ 2,094 ರೂಪಾಯಿಗೆ ನಿಗದಿಪಡಿಸಲಾಗಿತ್ತು. ಪೆಟ್ರೋಲ್ ಕಾರುಗಳ ಪೈಕಿ ಅದು ಅತ್ಯಂತ ಕೆಳಗಿನ ದರ.

ಹೆಸರು ಬದಲಾಗದಿದ್ದರೆ ಹೊಣೆ ಯಾರದು?

ಮಾರಾಟಗಾರರು 14 ದಿನಗಳೊಳಗೆ, ಕೊಂಡವರು 30 ದಿನಗಳೊಳಗೆ ಮಾಲೀಕತ್ವದ ವರ್ಗಾವಣೆಯನ್ನು ಸಾರಿಗೆ ಕಚೇರಿಗೆ ತಿಳಿಸಬೇಕು. ನಮೂನೆ 29 ಮತ್ತು 30ಕ್ಕೆ ಸಹಿ ಹಾಕಿ, ದಿನಾಂಕ ಬರೆಯದೆ ಕೈಯಿಂದ ಕೈಗೆ ಸಾಗಿಸುವ ಪದ್ಧತಿ ಅಪಾಯಕಾರಿ. ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು, ಅಪಘಾತ ಪರಿಹಾರದ ಹೊಣೆ ಅವರದೇ ಎಂದು 2018ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದೆ. ಕಾರು ನಾಲ್ಕು ಕೈ ಬದಲಾಗಿದ್ದರೂ ಈ ನಿಯಮ ಬದಲಾಗದು. ಹಳೆಯ ವಾಹನಗಳ ವ್ಯಾಪಾರಿಗಳು ಸಾರಿಗೆ ಕಚೇರಿಯಿಂದ ಅಧಿಕಾರ ಪತ್ರ ಪಡೆಯಬೇಕೆಂಬ ನಿಯಮ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಅಂತಹ ಪತ್ರ ಇದೆಯೇ ಎಂದು ಕೇಳುವ ಹಕ್ಕು ಗ್ರಾಹಕರಿಗಿದೆ.

ಆರ್‌ಸಿ ಅವಧಿ ಮುಗಿದ ಕಾರನ್ನು ರಸ್ತೆಗಿಳಿಸಿದರೆ ಅದು ನೋಂದಣಿಯಿಲ್ಲದ ವಾಹನಕ್ಕೆ ಸಮ. ಕಾಯ್ದೆಯ 192ನೇ ಕಲಮಿನಡಿ ಮೊದಲ ಬಾರಿಗೆ 5,000 ರೂಪಾಯಿವರೆಗೆ ದಂಡ ವಿಧಿಸಬಹುದು. ಆದ್ದರಿಂದ ನವೀಕರಣವನ್ನು ಮಾರಾಟಗಾರರಿಂದಲೇ ಅವರ ಹೆಸರಿನಲ್ಲಿ ಮಾಡಿಸಿ, ಆನಂತರ ಪೂರ್ತಿ ಹಣ ಕೊಟ್ಟು ವರ್ಗಾಯಿಸಿಕೊಳ್ಳುವುದು ಕ್ಷೇಮ. ಅದಕ್ಕೆ ಒಪ್ಪದವರ ಕಾರಿಗೆ ತಪಾಸಣೆಯಲ್ಲಿ ಗೆಲ್ಲುವ ಭರವಸೆ ಅವರಿಗೇ ಇಲ್ಲವೆಂದು ತಿಳಿಯಬೇಕು.

ಗೆದ್ದ ಮಾತ್ರಕ್ಕೆ ಭದ್ರವೇ?

ತಪಾಸಣೆಯಲ್ಲಿ ಗೆದ್ದರೆ ಕಾರು ಆ ದಿನ, ಆ ಅಂಶಗಳಲ್ಲಿ ಯೋಗ್ಯವಾಗಿತ್ತು ಎಂದಷ್ಟೇ ಅರ್ಥ. ಮುಂದಿನ ಐದು ವರ್ಷಗಳಲ್ಲಿ ಬ್ರೇಕ್ ಶೂ ಸವೆಯುತ್ತದೆ, ಟೈರು ಹಳತಾಗುತ್ತದೆ; ಕೇಳುವವರು ಯಾರೂ ಇರುವುದಿಲ್ಲ. ಏರ್‌ಬ್ಯಾಗ್, ಎಬಿಎಸ್ ಇಲ್ಲದಿರುವುದು 800ಕ್ಕೆ ತಪಾಸಣೆಯಲ್ಲಿ ಅನುಕೂಲವಾದರೂ, ಚಿಕ್ಕಬಳ್ಳಾಪುರದ ಮೂಲಕ ಬೆಂಗಳೂರು–ಹೈದರಾಬಾದ್ ನಡುವೆ ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 44ರ ವೇಗದಲ್ಲಿ ಅದೇ ದೊಡ್ಡ ಕೊರತೆ. ಊರೊಳಗಿನ ಓಡಾಟ, ಪಕ್ಕದ ತಾಲ್ಲೂಕಿನ ಪ್ರಯಾಣಕ್ಕೆ ಒಗ್ಗುವ ಕಾರನ್ನು ನಿತ್ಯ ಬೆಂಗಳೂರಿಗೆ ಹೋಗಿಬರಲು ಕೊಳ್ಳುವುದು ವಿವೇಕವಲ್ಲ.

ಒಟ್ಟಿನಲ್ಲಿ, ಸರಿಯಾಗಿ ನೋಡಿಕೊಂಡ, ತುಕ್ಕಿಲ್ಲದ, ದಾಖಲೆ ನೇರವಾಗಿರುವ ಮಾರುತಿ 800 ಹದಿನೈದು ವರ್ಷದ ತಪಾಸಣೆಯಲ್ಲಿ ಗೆಲ್ಲದಿರಲು ಕಾರಣವಿಲ್ಲ. ಆ ಭರವಸೆ ಕಾರಿನ ಹೆಸರಿನಿಂದ ಬರುವುದಿಲ್ಲ. ಅದನ್ನು ಸಾಕಿದವರ ಕೈಯಿಂದ ಬರುತ್ತದೆ. ಮುಂಗಡ ಕೊಡುವ ಮುನ್ನ ನಂಬಿಕೆಯ ಮೆಕ್ಯಾನಿಕ್‌ಗೆ ಅರ್ಧ ದಿನದ ಕೂಲಿ ಕೊಟ್ಟು ಕಾರನ್ನು ತೋರಿಸುವುದೇ ಕೊಳ್ಳುವವರು ಮಾಡಬಹುದಾದ ಅತಿ ಕಡಿಮೆ ಖರ್ಚಿನ ತಪಾಸಣೆ.